ವಾಯುಪಡೆಯ ಪೈಲಟ್ ಆಯ್ಕೆ: ಎಎಫ್‌ಕ್ಯಾಟ್ ಅರ್ಜಿಯಿಂದ ಮೆರಿಟ್ ಲಿಸ್ಟ್‌ವರೆಗೆ ಒಂದು ವಿಮರ್ಶೆ

ಭಾರತೀಯ ವಾಯುಪಡೆಯ ಪೈಲಟ್ ಆಯ್ಕೆಯಲ್ಲಿ ಎರಡು ಬಾಗಿಲು ಒಮ್ಮೆ ಮುಚ್ಚಿದರೆ ಮುಗಿಯಿತು. ಒಂದು ವಿಮಾನ ನಡೆಸುವ ಸಹಜ ಗುಣ ನೋಡುವ ಸಿಪಿಎಸ್‌ಎಸ್ ಎಂಬ ಯಂತ್ರಪರೀಕ್ಷೆ, ಇನ್ನೊಂದು ದೇಹದ ಅಳತೆ. ಎರಡೂ ಬರುವುದು ಕೊನೆಯಲ್ಲಿ. ಮೊದಲಿಗೆ ಬರುವ ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ವಯಸ್ಸಿರುವ ತನಕ ಎಷ್ಟು ಸಲ ಬೇಕಾದರೂ ಬರೆಯಬಹುದು. ಆದರೂ ನಮ್ಮ ಹುಡುಗರು ದುಡ್ಡು, ಸಮಯ ಎರಡನ್ನೂ ಸುರಿಯುವುದು ಅದಕ್ಕೇ. ಎರಡು ವರ್ಷ ಕೋಚಿಂಗ್‌ಗೆ ಹೋಗಿ, ಮೈಸೂರಿನ ಸಂದರ್ಶನ ಮಂಡಳಿಯಲ್ಲಿ ಆಯ್ಕೆಯಾಗಿ, ಕೊನೆಗೆ ಬೆಂಗಳೂರಿನ ಮೆಡಿಕಲ್‌ನಲ್ಲಿ ತೊಡೆ 2 ಸೆಂ.ಮೀ. ಉದ್ದವಾಯಿತು ಅಂತ ವಾಪಸ್ ಬರುವುದು ದುರದೃಷ್ಟವಲ್ಲ, ಅಳತೆಪಟ್ಟಿ ಹಿಡಿಯದೆ ಹೊರಟದ್ದರ ಫಲ. ಹಾಗಾಗಿ ಇಲ್ಲಿ ವಾಯುಪಡೆ ಇಟ್ಟ ಕ್ರಮ ಬಿಟ್ಟು, ಅರ್ಜಿದಾರರು ತಯಾರಾಗಬೇಕಾದ ಕ್ರಮದಲ್ಲಿ ಹೇಳುತ್ತೇವೆ.

ಮೊದಲು ಅಳತೆಪಟ್ಟಿ, ಆಮೇಲೆ ಕೋಚಿಂಗ್

ಫ್ಲೈಯಿಂಗ್ ಬ್ರಾಂಚ್‌ಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಒಳಗೆ, ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗೆ, ತೊಡೆಯ ಉದ್ದ ಹೆಚ್ಚೆಂದರೆ 64 ಸೆಂ.ಮೀ. ಆರಡಿ ಮೀರಿದ ಹುಡುಗರು ಎತ್ತರವೇ ತಮ್ಮ ಬಲ ಅಂದುಕೊಂಡು ಬರುತ್ತಾರೆ, ಇಲ್ಲಿ ಅದು ಅಪಾಯ. ಫೈಟರ್ ವಿಮಾನದಿಂದ ಎಜೆಕ್ಷನ್ ಸೀಟ್ ಸಮೇತ ಹೊರಚಿಮ್ಮುವಾಗ ಮಂಡಿ ಮುಂದಿನ ಪ್ಯಾನೆಲ್‌ಗೆ ತಗಲಬಾರದು, ತಲೆ ಮೇಲಿನ ಗಾಜಿಗೆ ತಾಗಬಾರದು. ಗಿಡ್ಡ ಕಾಲಾದರೆ ಪೆಡಲ್ ಪೂರ್ತಿ ಎಟುಕದು. ಈ ಅಳತೆಗಳಲ್ಲಿ ಶಿಫಾರಸಿಗೂ ಜಾಗವಿಲ್ಲ, ಅಪೀಲಿಗೂ ಅರ್ಥವಿಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದು. ಸೊಂಟ, ಬೆನ್ನು ಎರಡೂ ಗೋಡೆಗೆ ಒತ್ತುವಂತೆ ನೆಲದ ಮೇಲೆ ಕಾಲು ಚಾಚಿ ಕೂತರೆ ಗೋಡೆಯಿಂದ ಹಿಮ್ಮಡಿಯವರೆಗಿನದು ಕಾಲಿನ ಉದ್ದ. ಗೋಡೆಗೆ ತಾಗಿಸಿಟ್ಟ ಸ್ಟೂಲ್ ಮೇಲೆ ಮಂಡಿ ನೇರಕೋನದಲ್ಲಿ ಮಡಿಸಿ ಕೂತರೆ ಗೋಡೆಯಿಂದ ಮಂಡಿಚಿಪ್ಪಿನ ಮುಂತುದಿಗೆ ತೊಡೆಯ ಉದ್ದ. ಅದೇ ಸ್ಟೂಲಿನ ಹಲಗೆಯಿಂದ ನೆತ್ತಿಗೆ ಕೂತಾಗಿನ ಎತ್ತರ. ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ಸೊಂಟ ಗೋಡೆಯಿಂದ ಒಂದಿಂಚು ಮುಂದೆ ಸರಿದರೆ ಕಾಲು, ತೊಡೆ ಎರಡೂ ಇರುವುದಕ್ಕಿಂತ ಉದ್ದ ಬರುತ್ತವೆ, ಬೆನ್ನು ಬಾಗಿದರೆ ಕೂತಾಗಿನ ಎತ್ತರ ಕಡಿಮೆ ಬರುತ್ತದೆ. ಇನ್ನೊಬ್ಬರ ಕೈಲಿ ಮೂರು ಸಲ ಅಳೆಸಿ. ಮಿತಿಗೆ ಒಂದು ಸೆಂ.ಮೀ. ಆಚೀಚೆ ಇದ್ದರೆ ಅಧಿಕೃತ ಅಳತೆ ಮುಗಿಯುವ ತನಕ ನೆಲದ ಮೇಲಿನ ಬ್ರಾಂಚ್‌ಗಳನ್ನೂ ಆಯ್ಕೆಯಲ್ಲಿ ಇಟ್ಟುಕೊಳ್ಳುವುದು ಜಾಣತನ.

ಕಣ್ಣಿನ ವಿಷಯ ಇನ್ನೂ ಬಿಗಿ. ಒಂದು ಕಣ್ಣು 6/6, ಇನ್ನೊಂದು 6/9 ಇದ್ದು ಅದು 6/6ಕ್ಕೆ ಸರಿಯಾಗಬೇಕು, ಅದೂ ಪ್ಲಸ್ ಪವರ್ ಇದ್ದವರಿಗೆ ಮಾತ್ರ, ಅದರ ಮಿತಿ +2.0. ಮೈನಸ್ ಕನ್ನಡಕ ಹಾಕುವವರಿಗೆ ಫ್ಲೈಯಿಂಗ್‌ನಲ್ಲಿ ಹಾಗೇ ಜಾಗವಿಲ್ಲ. ಬಣ್ಣ ಗುರುತಿಸುವ ದೃಷ್ಟಿ ಸಿಪಿ-1 ಎಂಬ ಅತಿ ಮೇಲಿನ ದರ್ಜೆಯದು ಬೇಕು. ಪದವಿ ಮುಗಿಸಿ ಬರುವವರಿಗೆ ಕಣ್ಣಿನ ಪವರ್ ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆ (ಲಾಸಿಕ್ ಅಥವಾ ಪಿಆರ್‌ಕೆ) ಮಾಡಿಸಿಕೊಂಡರೂ ಅವಕಾಶವಿದೆ, ಆದರೆ ಷರತ್ತುಗಳು ಒಂದೊಂದೂ ಎಣಿಕೆಗೆ ಬರುತ್ತವೆ: 20 ವರ್ಷ ತುಂಬುವ ಮೊದಲು ಆಗಿರಬಾರದು, ಮೆಡಿಕಲ್ ಹೊತ್ತಿಗೆ ಕನಿಷ್ಠ 12 ತಿಂಗಳು ಕಳೆದಿರಬೇಕು, ಶಸ್ತ್ರಚಿಕಿತ್ಸೆಗೆ ಮುಂಚಿನ ಪವರ್ 6 ಮೀರಿರಬಾರದು, ಕಾರ್ನಿಯಾದ ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು. ಆಸ್ಪತ್ರೆ ಕೊಡುವ ಆಪರೇಷನ್ ವಿವರದ ಕಾಗದ, ಹಳೆ ಪವರ್‌ನ ಚೀಟಿ ಎರಡನ್ನೂ ಜೋಪಾನ ಮಾಡಿ. ದಾಖಲೆಯಿಲ್ಲದ ಶಸ್ತ್ರಚಿಕಿತ್ಸೆ ಅಂತ ಬರೆದರೆ ಕಣ್ಣು ಎಷ್ಟು ಚೆನ್ನಾಗಿದ್ದರೂ ಅನ್‌ಫಿಟ್. ಹುಡುಗರು ನೋಟಿಫಿಕೇಶನ್ ಬಂದಮೇಲೆ ಓಡಿಹೋಗಿ ಲಾಸಿಕ್ ಮಾಡಿಸುತ್ತಾರೆ. ಆ ಹನ್ನೆರಡು ತಿಂಗಳ ಲೆಕ್ಕದಲ್ಲಿ ಆ ಸಲದ ಕೋರ್ಸ್ ಹೋಯಿತು ಅಂತಲೇ ತಿಳಿಯಿರಿ.

ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ "ಕಣ್ಣು ಚೆನ್ನಾಗಿದೆಯಾ" ಅಂತ ಕೇಳಿದರೆ ಸಾಲದು. ಹನಿ ಹಾಕಿ ಪವರ್ ಅಳೆಯುವ ರಿಫ್ರಾಕ್ಷನ್ ಮತ್ತು ಬಣ್ಣದ ಪರೀಕ್ಷೆ ಮಾಡಿಸಿ, ಸಂಖ್ಯೆ ಬರೆಸಿಕೊಳ್ಳಿ. ಕನ್ನಡಕ ಇಲ್ಲದೆ ಎಲ್ಲ ಕಾಣಿಸುವವರಲ್ಲೂ ಹನಿ ಹಾಕಿದಾಗ ಅಡಗಿದ್ದ ಪವರ್ ಹೊರಬೀಳುತ್ತದೆ. ವಾಯುಪಡೆಯ ವೈದ್ಯರು ನೋಡುವುದೂ ಹಾಗೇ.

ಅರ್ಹತೆಯಲ್ಲಿ ಕರ್ನಾಟಕದವರು ಎಡವುವ ಕಡೆ

ಪದವೀಧರರಿಗೆ ದಾರಿ ಎಎಫ್‌ಕ್ಯಾಟ್, ಇದರಲ್ಲಿ ಹುಡುಗ-ಹುಡುಗಿಯರಿಬ್ಬರಿಗೂ 14 ವರ್ಷದ ಶಾರ್ಟ್ ಸರ್ವೀಸ್. ನಿವೃತ್ತಿಯವರೆಗಿನ ಪರ್ಮನೆಂಟ್ ಕಮಿಷನ್ ಬೇಕಾದರೆ ಯುಪಿಎಸ್‌ಸಿ ನಡೆಸುವ ಎನ್‌ಡಿಎ ಅಥವಾ ಸಿಡಿಎಸ್ ಪರೀಕ್ಷೆ. ಎನ್‌ಸಿಸಿ ಏರ್ ವಿಂಗ್‌ನ ಸಿ ಸರ್ಟಿಫಿಕೇಟ್ ಇದ್ದವರಿಗೆ ಬರಹದ ಪರೀಕ್ಷೆಯೇ ಇಲ್ಲ, ನೇರ ಸಂದರ್ಶನ ಮಂಡಳಿಗೆ ಕರೆ ಬರುತ್ತದೆ, ಅರ್ಜಿ ಶುಲ್ಕವೂ ಇಲ್ಲ. ಕಾಲೇಜಿನಲ್ಲಿ ಏರ್ ವಿಂಗ್ ಇದ್ದೂ ಅದನ್ನು ಬಿಟ್ಟವರನ್ನು ನೋಡಿದರೆ ಬೇಜಾರಾಗುತ್ತದೆ.

ಎಎಫ್‌ಕ್ಯಾಟ್ ಫ್ಲೈಯಿಂಗ್‌ಗೆ ವಯಸ್ಸು 20ರಿಂದ 24. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ 26ರವರೆಗೆ. ಈ ವಯಸ್ಸನ್ನು ಲೆಕ್ಕ ಹಾಕುವುದು ಪರೀಕ್ಷೆಯ ದಿನಕ್ಕಲ್ಲ, ಕೋರ್ಸ್ ಶುರುವಾಗುವ ದಿನಕ್ಕೆ. ಫೆಬ್ರವರಿಯ ಪರೀಕ್ಷೆ ಬರೆದವರ ಕೋರ್ಸ್ ಶುರುವಾಗುವುದು ಮುಂದಿನ ಜನವರಿಯಲ್ಲಿ, ಆಗಸ್ಟ್‌ನಲ್ಲಿ ಬರೆದವರದ್ದು ಮುಂದಿನ ಜುಲೈಯಲ್ಲಿ. "ನನಗಿನ್ನೂ 23" ಅನ್ನುವವರು ಇಲ್ಲಿ ಕೈಬೆರಳು ಎಣಿಸಿ ನೋಡಬೇಕು.

ಪಿಯುಸಿಯಲ್ಲಿ ಗಣಿತಕ್ಕೆ ಶೇ. 50, ಭೌತಶಾಸ್ತ್ರಕ್ಕೆ ಶೇ. 50, ಎರಡೂ ಬೇರೆಬೇರೆಯಾಗಿ ಬೇಕು. ಒಟ್ಟು ಸರಾಸರಿ ಲೆಕ್ಕಕ್ಕಿಲ್ಲ. ಆಮೇಲೆ ಪದವಿ ಯಾವುದಾದರೂ ಸರಿ, ಶೇ. 60 ಇರಬೇಕು. ಅಂದರೆ ಪಿಯುಸಿಯಲ್ಲಿ ಸೈನ್ಸ್ ಓದಿ ಆಮೇಲೆ ಬಿಎ ಮಾಡಿದವರು ಅರ್ಜಿ ಹಾಕಬಹುದು, ಪಿಯುಸಿ ಕಾಮರ್ಸ್ ಮಾಡಿ ಬಿಕಾಂನಲ್ಲಿ ರ್‍ಯಾಂಕ್ ತೆಗೆದವರು ಹಾಕುವಂತಿಲ್ಲ. ಕೊನೆಯ ವರ್ಷದಲ್ಲಿ ಓದುತ್ತಿರುವವರಿಗೆ ಅವಕಾಶವಿದೆ, ಆದರೆ ಮಂಡಳಿಗೆ ಹೋಗುವ ಹೊತ್ತಿಗೆ ಬ್ಯಾಕ್‌ಲಾಗ್ ಇರಕೂಡದು, ಅಲ್ಲಿಯವರೆಗಿನ ಸೆಮಿಸ್ಟರ್‌ಗಳಲ್ಲಿ ಶೇ. 60 ಇರಬೇಕು. ಸಿಜಿಪಿಎ ಇರುವವರು ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರ ಇರುವ ಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. 25 ತುಂಬದವರು ಮದುವೆಯಾಗಿರಬಾರದು.

ಇನ್ನು ನಮ್ಮ ಕಡೆಯ ಖಾಸಾ ತಲೆನೋವು: ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಮಂಜುನಾಥ ಎಚ್ ಕೆ", ಆಧಾರ್‌ನಲ್ಲಿ ಊರು-ಅಪ್ಪನ ಹೆಸರು ಬಿಡಿಸಿದ ರೂಪ, ಪದವಿ ಸರ್ಟಿಫಿಕೇಟ್‌ನಲ್ಲಿ ಇನಿಷಿಯಲ್ ಮುಂದೆ. ಉತ್ತರದ ಪದ್ಧತಿಯ ಫಾರಂಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಖಾನೆಗಳಿರುತ್ತವೆ, ಹುಡುಗರು ಗಾಬರಿಯಲ್ಲಿ ಏನೋ ತುಂಬಿಬಿಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆಯೇ ಅರ್ಜಿಯಲ್ಲಿ ಬರೆಯಿರಿ, ಆಧಾರ್ ಅದಕ್ಕೆ ಹೊಂದದಿದ್ದರೆ ಅರ್ಜಿ ತೆರೆಯುವ ಎರಡು ತಿಂಗಳ ಮೊದಲೇ ತಿದ್ದಿಸಿ. ಪೋರ್ಟಲ್‌ನಲ್ಲಿ ಒಮ್ಮೆ ನೋಂದಾಯಿಸಿದ ಹೆಸರು, ಹುಟ್ಟಿದ ತಾರೀಕು ಆಮೇಲೆ ಅಲುಗದು.

ಅರ್ಜಿ ಮತ್ತು ಪರೀಕ್ಷೆ

ಎಎಫ್‌ಕ್ಯಾಟ್ ಪೋರ್ಟಲ್ ಸಾಮಾನ್ಯವಾಗಿ ಡಿಸೆಂಬರ್‌ನಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ತೆರೆಯುತ್ತದೆ. ಶುಲ್ಕ 550 ರೂಪಾಯಿ, ಮೇಲೆ ಜಿಎಸ್‌ಟಿ ಸೇರಿ 649. ಸರ್ಕಾರಿ ಪೋರ್ಟಲ್‌ಗಳ ಮಟ್ಟಕ್ಕೆ ಇದು ಒಳ್ಳೆಯದೇ, ಕೊನೆಯ ಎರಡು ದಿನ ಬಿಟ್ಟರೆ. ಹಣ ಖಾತೆಯಿಂದ ಕಡಿತವಾಗಿ ಅರ್ಜಿಯಲ್ಲಿ ಪಾವತಿ ಕಾಣದೆ ಇರುವ ಪಜೀತಿ ಆಗುವುದು ಆ ಎರಡು ದಿನಗಳಲ್ಲೇ.

ಪರೀಕ್ಷೆ ಆನ್‌ಲೈನ್: 2 ಗಂಟೆ, 100 ಪ್ರಶ್ನೆ, 300 ಅಂಕ. ಸರಿಯಾದರೆ 3, ತಪ್ಪಾದರೆ 1 ಕಡಿತ. ಸಾಮಾನ್ಯ ಜ್ಞಾನ, ಇಂಗ್ಲಿಷ್, ಲೆಕ್ಕ, ರೀಸನಿಂಗ್ ಇಷ್ಟೇ. ಈಚಿನ ವರ್ಷಗಳ ಕಟ್‌ಆಫ್ ಹೆಚ್ಚುಕಡಿಮೆ 130ರಿಂದ 165ರ ನಡುವೆ ಓಡಾಡಿದೆ. 60 ಸರಿ, 20 ತಪ್ಪು, 20 ಬಿಟ್ಟರೆ 160 ಅಂಕ. ಲೆಕ್ಕ ಎಸ್ಸೆಸ್ಸೆಲ್ಸಿ ಮಟ್ಟದ್ದು: ಶೇಕಡಾ, ಲಾಭ-ನಷ್ಟ, ಕಾಲ-ದೂರ, ಕೆಲಸ-ದಿನ. ಹಳೆ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಪದವೀಧರನಿಗೆ ಮೂರು ತಿಂಗಳು ಸಾಕು. ಇದಕ್ಕೆಂದೇ ಹತ್ತಾರು ಸಾವಿರ ಕೊಟ್ಟು ತರಗತಿ ಸೇರುವುದು ನಮ್ಮ ದೃಷ್ಟಿಯಲ್ಲಿ ದಂಡ.

ಫಲಿತಾಂಶ ಬಂದಮೇಲೆ ಅದೇ ಪೋರ್ಟಲ್‌ನಲ್ಲಿ ಸಂದರ್ಶನ ಮಂಡಳಿ, ತಾರೀಕು ಎರಡನ್ನೂ ನೀವೇ ಆರಿಸಬೇಕು. ಡೆಹ್ರಾಡೂನ್, ವಾರಾಣಸಿ, ಗಾಂಧಿನಗರ, ಮೈಸೂರು ಮೊದಲಾದ ಕಡೆ ಮಂಡಳಿಗಳಿವೆ. ಸೀಟು ಮೊದಲು ಬಂದವರಿಗೆ ಮೊದಲು. ಆರಿಸಿದ್ದನ್ನು ಮತ್ತೆ ಬದಲಿಸಲಾಗದು. ಕಾಲೇಜಿನ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಕ್ಲಿಕ್ ಮಾಡಿ.

ಮೈಸೂರಿನ ಮಂಡಳಿ

ಸಿದ್ಧಾರ್ಥನಗರದಲ್ಲಿರುವ ನಂ. 2 ಏರ್ ಫೋರ್ಸ್ ಸೆಲೆಕ್ಷನ್ ಬೋರ್ಡ್ ಕನ್ನಡಿಗರಿಗೆ ಹತ್ತಿರ ಅನ್ನುವುದು ದೊಡ್ಡ ಅನುಕೂಲ. ಊಟ, ವಸತಿ ಅವರದೇ. ಈ ಬಗೆಯ ಕಮಿಷನ್‌ಗೆ ಮೊದಲ ಸಲ ಬಂದವರಿಗೆ ಎಸಿ ಮೂರನೇ ದರ್ಜೆಯ ರೈಲು ಅಥವಾ ಬಸ್ಸಿನ ದರ ಹಿಂದಿರುಗುತ್ತದೆ, ಟಿಕೆಟ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟದ ಪ್ರತಿ ಬೇಕು. ಮೂಲ ಮಾರ್ಕ್ಸ್ ಕಾರ್ಡ್‌ಗಳು, ಪ್ರತಿಗಳು, ಪಾಸ್‌ಪೋರ್ಟ್ ಅಳತೆಯ ಫೋಟೊ ಎರಡು ಡಜನ್, ಪ್ರಿನ್ಸಿಪಾಲರ ಸರ್ಟಿಫಿಕೇಟ್ ಇವನ್ನು ಕಾಲ್ ಲೆಟರ್‌ನಲ್ಲಿ ಇರುವ ಅನುಕ್ರಮದಲ್ಲೇ ಫೈಲ್ ಮಾಡಿ. ದಾಖಲೆ ಕಡಿಮೆಯಿದ್ದರೆ ಬೆಳಗಿನ ತಪಾಸಣೆಯಲ್ಲೇ ವಾಪಸ್ಸು.

ಮೊದಲ ದಿನ ಸ್ಕ್ರೀನಿಂಗ್. ಓಐಆರ್ ಎಂಬ ಎರಡು ಬುದ್ಧಿಪರೀಕ್ಷೆ, ಆಮೇಲೆ ಚಿತ್ರದ ಕಥೆ. ಮಸುಕಾದ ಚಿತ್ರವೊಂದು 30 ಸೆಕೆಂಡ್ ಪರದೆಯ ಮೇಲೆ ಇರುತ್ತದೆ. ಅದರಲ್ಲಿ ಎಷ್ಟು ಜನ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಮನಸ್ಸು ಹೇಗಿದೆ ಅಂತ ಗುರುತು ಹಾಕಿ 4 ನಿಮಿಷದಲ್ಲಿ ಕಥೆ ಬರೆಯಬೇಕು. ನಂತರ ಎದೆಗೆ ನಂಬರ್ (ಚೆಸ್ಟ್ ನಂಬರ್) ಹಾಕಿಕೊಂಡ ಹತ್ತು-ಹದಿನೈದು ಜನರ ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಕಥೆ ಹೇಳಿ, ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಕಥೆಗೆ ಬರಬೇಕು. ಇಲ್ಲಿ ಸಂತೆ ಕಟ್ಟಿಬಿಡುತ್ತದೆ. ಎಲ್ಲರೂ ಒಟ್ಟಿಗೆ ಕಿರುಚುವಾಗ ಅವರಿಗಿಂತ ಜೋರಾಗಿ ಕಿರುಚಬೇಕು ಅನ್ನುವ ಸಲಹೆ ಕೋಚಿಂಗ್‌ಗಳಲ್ಲಿ ಸಿಗುತ್ತದೆ, ಅದು ಕೆಟ್ಟ ಸಲಹೆ. ಮೂರು-ನಾಲ್ಕು ಸಲ ಬಾಯಿ ಬಿಟ್ಟರೆ ಸಾಕು, ಆದರೆ ಪ್ರತಿ ಸಲವೂ ಹೊಸದೊಂದು ಅಂಶ ಇರಲಿ: "ಚೆಸ್ಟ್ ನಂಬರ್ ಏಳು ಹೇಳಿದ ಪ್ರವಾಹದ ಕಥೆಗೆ ಚಿತ್ರದಲ್ಲಿನ ದೋಣಿ ಹೊಂದುತ್ತದೆ, ಅಲ್ಲಿಂದ ಮುಂದುವರಿಸೋಣ" ಅನ್ನುವ ಥರದ್ದು. ಅರ್ಧಕ್ಕಿಂತ ಹೆಚ್ಚು ಮಂದಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗುತ್ತಾರೆ. ಓಐಆರ್‌ಗೆ ಮಾತ್ರ ಅಭ್ಯಾಸ ನೇರವಾಗಿ ಫಲ ಕೊಡುತ್ತದೆ. ಆಕೃತಿ, ಸರಣಿ, ಕೋಡಿಂಗ್ ಪ್ರಶ್ನೆಗಳನ್ನು ವೇಗಕ್ಕಾಗಿ ಬಿಡಿಸುತ್ತ ಬನ್ನಿ.

ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ. 12 ಕಥೆಗಳು, ಅದರಲ್ಲಿ ಕೊನೆಯದಕ್ಕೆ ಖಾಲಿ ಪರದೆ. 60 ಪದಗಳು, ಪದಕ್ಕೆ 15 ಸೆಕೆಂಡ್. 60 ಸಂದರ್ಭಗಳು, ಅರ್ಧ ಗಂಟೆ. ಕೊನೆಗೆ 15 ನಿಮಿಷದಲ್ಲಿ ನಿಮ್ಮ ಬಗ್ಗೆ ಅಪ್ಪ-ಅಮ್ಮ, ಮೇಷ್ಟ್ರು, ಗೆಳೆಯರು, ನೀವೇ ಏನನ್ನುತ್ತೀರಿ ಎಂಬ ಬರಹ. ಸಮಯದ ಒತ್ತಡ ಇಟ್ಟಿರುವುದೇ ಬಾಯಿಪಾಠ ಕಳಚಿ ಬೀಳಲಿ ಅಂತ. 'ಫೇಲ್ಯೂರ್' ಪದ ಬಂದ ಕೂಡಲೇ 'ಸೋಲೇ ಗೆಲುವಿನ ಮೆಟ್ಟಿಲು' ಅಂತ ಬರೆಯುವವರು ಬೆಂಚಿಗೊಬ್ಬರಂತೆ ಇರುತ್ತಾರೆ, ಅದರಿಂದ ನಿಮ್ಮ ಬಗ್ಗೆ ಏನೂ ಗೊತ್ತಾಗದು. ಹತ್ತು ಕಥೆಗಳಲ್ಲಿ ನಾಯಕ ಬೆಂಕಿಗೆ ಹಾರಿ ಮಗು ಉಳಿಸಿ, ಸ್ವವಿವರದಲ್ಲಿ "ಜನರೊಂದಿಗೆ ಬೆರೆಯಲು ಸಂಕೋಚ" ಅಂತ ಬಂದರೆ ಓದುವವರಿಗೆ ಎರವಲು ಕಥೆ ಯಾವುದು ಅಂತ ತಕ್ಷಣ ತಿಳಿಯುತ್ತದೆ. ಮನೆಯಲ್ಲಿ ತಯಾರು ಮಾಡಿಕೊಂಡು ಹೋಗಬಹುದಾದದ್ದು ಸ್ವವಿವರ ಒಂದೇ. ಅದನ್ನು ನಿಜವಾಗಿ ಅಮ್ಮನ ಹತ್ತಿರ, ಗೆಳೆಯರ ಹತ್ತಿರ ಕೇಳಿಯೇ ಬರೆಯಿರಿ.

ಜಿಟಿಓ, ಅಂದರೆ ಗುಂಪಿನ ಕೆಲಸ ನೋಡುವ ಅಧಿಕಾರಿಯ ಮೈದಾನದಲ್ಲಿ ಗುಂಪಿಗೆ ಹಲಗೆ, ಬಲ್ಲಿ (ಮರದ ಗಳ), ಹಗ್ಗ ಕೊಟ್ಟು ಒಂದು ಹೊರೆಯ ಸಮೇತ ಅಡೆತಡೆ ದಾಟಲು ಹೇಳುತ್ತಾರೆ. ಕೆಂಪು ಬಣ್ಣ ಬಳಿದ ಭಾಗವನ್ನು ಜನವೂ ಮುಟ್ಟಬಾರದು, ಸಾಮಾನೂ ಮುಟ್ಟಬಾರದು. 4 ಅಡಿ ಮೀರಿದ ಅಂತರವನ್ನು ಹಾರುವಂತಿಲ್ಲ, ಸೇತುವೆ ಕಟ್ಟಲೇಬೇಕು. ಹಲಗೆ ಯಾವಾಗಲೂ ಅಂತರಕ್ಕಿಂತ ಒಂದಿಷ್ಟು ಗಿಡ್ಡವೇ ಇರುತ್ತದೆ. ಬಹುಪಾಲು ಸಮಸ್ಯೆಗಳ ಕೀಲಿ ಒಂದೇ: ಹಲಗೆಯನ್ನು ಮುಂದಕ್ಕೆ ಚಾಚಿ, ಹಿಂದಿನ ತುದಿಯ ಮೇಲೆ ಇಬ್ಬರು ನಿಂತು ಭಾರ ಕೊಟ್ಟು, ಚಾಚಿದ ತುದಿಯಿಂದ ಒಬ್ಬ ದಾಟುವುದು, ಸಾಲದಿದ್ದರೆ ಹಲಗೆಗೆ ಬಲ್ಲಿ ಕಟ್ಟಿ ಉದ್ದ ಮಾಡುವುದು. ಕೆಡುವುದು ಎಲ್ಲರೂ ಮುಂದಕ್ಕೆ ನುಗ್ಗಿ ಹಿಂದೆ ಭಾರ ಕೊಡುವವರೇ ಇಲ್ಲದಾಗ. ಹಿಂದೆ ನಿಂತು "ನಾನು ಹಿಡಿದಿದ್ದೇನೆ, ಹೋಗು" ಅಂದವನನ್ನೂ ಅಧಿಕಾರಿ ಗಮನಿಸುತ್ತಾರೆ. ಒಂಟಿಯಾಗಿ ದಾಟುವ ಅಡೆತಡೆಗಳು 10, ಸಮಯ 3 ನಿಮಿಷ, 1ರಿಂದ 10ರವರೆಗೆ ಬೇರೆಬೇರೆ ಅಂಕ. ಜಾಸ್ತಿ ಅಂಕದವುಗಳನ್ನು ಒಂದರ ಪಕ್ಕ ಒಂದು ಬರುವಂತೆ ಜೋಡಿಸಿಕೊಂಡು ಓಡಿ.

ಸಂದರ್ಶನ ನಡೆಯುವುದು ನಿಮ್ಮ ವಿವರಗಳನ್ನು ನೀವೇ ತುಂಬಿದ ಪಿಐಕ್ಯೂ ಫಾರಂ ಮೇಲೆ. ಹವ್ಯಾಸ 'ಓದು' ಅಂತ ಬರೆದರೆ ಕೊನೆಗೆ ಓದಿದ ಪುಸ್ತಕ, ಊರು ಹಾವೇರಿ ಅಂತ ಬರೆದರೆ ಅಲ್ಲಿನ ಬೆಳೆ, ನದಿ, ಮಳೆ ಎಲ್ಲ ಕೇಳುತ್ತಾರೆ. ಕನ್ನಡ ಮಾಧ್ಯಮದವರ ಭಯಕ್ಕೆ ಒಂದು ಮಾತು: ಇಂಗ್ಲಿಷ್ ಬೇಕೇ ಬೇಕು, ಅದು ಸುಳ್ಳಲ್ಲ. ಆದರೆ ಬೇಕಾದದ್ದು ಚಿಕ್ಕ ವಾಕ್ಯದಲ್ಲಿ ತಡವರಿಸದೆ ವಿಷಯ ಹೇಳುವ ಇಂಗ್ಲಿಷ್. ದಿನಕ್ಕೊಂದು ವಿಷಯ ಹಿಡಿದು 3 ನಿಮಿಷ ನಿಂತು ಮಾತಾಡಿ, ಮೊಬೈಲ್‌ನಲ್ಲಿ ದಾಖಲಿಸಿ ಕೇಳಿಸಿಕೊಳ್ಳಿ. ಅಲ್ಲಿನ ಲೆಕ್ಚರೆಟ್ ಎಂಬ ಕಿರುಭಾಷಣಕ್ಕೂ ಇಷ್ಟೇ ಹೊತ್ತು ಇರುತ್ತದೆ.

ಈ ಐದು ದಿನದ ವ್ಯವಸ್ಥೆಗೆ ನಮ್ಮ ದೂರು ಒಂದೇ: ಕೊನೆಯಲ್ಲಿ ಅಧಿಕಾರಿಗಳೆಲ್ಲ ಕೂತು ತೀರ್ಮಾನಿಸುವ ಕಾನ್ಫರೆನ್ಸ್ ಮುಗಿದು ಚೆಸ್ಟ್ ನಂಬರ್ ಕೂಗಿದಾಗ ನಿಮ್ಮದು ಇರದಿದ್ದರೆ ಯಾಕೆ ಅಂತ ಯಾರೂ ಹೇಳುವುದಿಲ್ಲ. ಮುಂದಿನ ಸಲಕ್ಕೆ ಏನು ತಿದ್ದಿಕೊಳ್ಳಬೇಕು ಅಂತ ಊಹಿಸುವ ಕೆಲಸ ಹುಡುಗರ ಮೇಲೇ ಬೀಳುತ್ತದೆ, ಆ ಊಹೆಯ ಮೇಲೆಯೇ ಕೋಚಿಂಗ್ ಅಂಗಡಿಗಳು ನಡೆಯುತ್ತಿವೆ.

ಸಿಪಿಎಸ್‌ಎಸ್: ಜೀವನದಲ್ಲಿ ಒಂದೇ ಸಲ

ಫ್ಲೈಯಿಂಗ್ ಕೇಳಿ ಆಯ್ಕೆಯಾದವರಿಗೆ ಮಾತ್ರ ಈ ಪರೀಕ್ಷೆ. ಹಿಂದಿದ್ದ ಪಿಎಬಿಟಿ ಎಂಬ ಪೈಲಟ್ ಪರೀಕ್ಷೆಯ ಜಾಗಕ್ಕೆ ಬಂದ ಇದನ್ನು ರೂಪಿಸಿದ್ದು ಡಿಆರ್‌ಡಿಒ. ಒಮ್ಮೆ ನಪಾಸಾದರೆ ಎನ್‌ಡಿಎ, ಸಿಡಿಎಸ್, ಎಎಫ್‌ಕ್ಯಾಟ್ ಯಾವ ದಾರಿಯಿಂದ ಬಂದರೂ ಮತ್ತೆ ಫ್ಲೈಯಿಂಗ್ ಇಲ್ಲ. ಇಷ್ಟು ನಿರ್ಣಾಯಕವಾದದ್ದಕ್ಕೆ ತಯಾರಿ ಬೇಡ, ಅದು ಹುಟ್ಟುಗುಣ ನೋಡುವ ಪರೀಕ್ಷೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಅರ್ಧ ನಿಜ. ಯಂತ್ರದ ಭಾಗಕ್ಕೆ ಅದು ಬಹಳಮಟ್ಟಿಗೆ ಹೊಂದುತ್ತದೆ, ಉಪಕರಣ ಓದುವ ಭಾಗಕ್ಕೆ ಇಲ್ಲ.

ಉಪಕರಣದ ಭಾಗದಲ್ಲಿ ಕಾಕ್‌ಪಿಟ್‌ನ ಮುಳ್ಳುಗಡಿಯಾರಗಳನ್ನು ತೋರಿಸಿ ವೇಗವಾಗಿ ಓದಿಸುತ್ತಾರೆ, ಆಮೇಲೆ ಅವುಗಳಿಂದ ವಿಮಾನ ಯಾವ ಭಂಗಿಯಲ್ಲಿದೆ ಅಂತ ಹೇಳಿಸುತ್ತಾರೆ. ಅಲ್ಲಿಯೇ ವಿವರಣೆ ಕೊಡುತ್ತಾರೆ ನಿಜ, ಆದರೆ ಆ ಕೆಲವೇ ನಿಮಿಷದಲ್ಲಿ ಮೊದಲ ಸಲ ಕಲಿಯುವವನಿಗೂ ಹದಿನೈದು ದಿನ ಕೂತು ನೋಡಿದವನಿಗೂ ಅಜಗಜಾಂತರ.

ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಮೂರು ಮುಳ್ಳು. ಉದ್ದದ್ದು ನೂರು ಅಡಿಗಳಿಗೆ, ಗಿಡ್ಡ ದಪ್ಪದ್ದು ಸಾವಿರಕ್ಕೆ, ಇನ್ನೂ ಸಣ್ಣದು ಹತ್ತು ಸಾವಿರಕ್ಕೆ. ಸಣ್ಣದು 1 ದಾಟಿದೆ, ದಪ್ಪದ್ದು 4 ಮತ್ತು 5ರ ಮಧ್ಯೆ ಇದೆ, ಉದ್ದದ್ದು 5ರ ಮೇಲಿದೆ ಅಂದರೆ 14,500 ಅಡಿ. ಗಡಿಬಿಡಿಯಲ್ಲಿ ದಪ್ಪ ಮುಳ್ಳನ್ನು 5 ಅಂತ ಓದಿ 15,500 ಅನ್ನುತ್ತಾರೆ. ಚಿಕ್ಕ ಮುಳ್ಳಿನಿಂದ ಶುರುಮಾಡಿ, ಮುಳ್ಳು ದಾಟಿ ಬಂದ ಅಂಕಿಯನ್ನೇ ತೆಗೆದುಕೊಳ್ಳಬೇಕು, ಹತ್ತಿರದ್ದನ್ನಲ್ಲ.

ಇದಕ್ಕಿಂತ ಹೆಚ್ಚು ಜನ ಬೀಳುವುದು ಕೃತಕ ದಿಗಂತದಲ್ಲಿ. ಅದರಲ್ಲಿ ವಿಮಾನದ ಗುರುತು ಅಲುಗುವುದಿಲ್ಲ, ಅಲುಗುವುದು ದಿಗಂತದ ಗೆರೆ. ವಿಮಾನ ಎಡಕ್ಕೆ ವಾಲಿದಾಗ ಒಳಗೆ ಕೂತವನಿಗೆ ದಿಗಂತದ ಎಡತುದಿ ಮೇಲೆ, ಬಲತುದಿ ಕೆಳಗೆ ಹೋದಂತೆ ಕಾಣುತ್ತದೆ. ಗೆರೆಯನ್ನೇ ವಿಮಾನ ಅಂತ ಭಾವಿಸಿದವನು 'ಬಲಕ್ಕೆ ವಾಲಿದೆ' ಅಂತ ಗುರುತು ಹಾಕುತ್ತಾನೆ. ಮರೆಯದೆ ಕೇಳಿಕೊಳ್ಳಬೇಕಾದ ಪ್ರಶ್ನೆ: ವಿಮಾನದ ಯಾವ ರೆಕ್ಕೆ ಗೆರೆಗಿಂತ ಕೆಳಗಿದೆ? ಆ ಕಡೆಗೆ ವಾಲಿದೆ. ಗುರುತು ಗೆರೆಗಿಂತ ಮೇಲಿದ್ದರೆ ಮೂಗು ಮೇಲೆ, ನೀಲಿಯೊಳಗೆ. ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದಕ್ಕೆ ಏರಿಳಿತದ ಮಾಪಕವನ್ನೂ ನೋಡಬೇಕು, ಮೂಗು ಮೇಲಿದ್ದ ಮಾತ್ರಕ್ಕೆ ಏರುತ್ತಿದೆ ಅಂತ ಆಗದು. ದಿಕ್ಸೂಚಿಯಲ್ಲಿ 24 ಅಂದರೆ 240 ಡಿಗ್ರಿ. ಎಡಕ್ಕೆ ತಿರುಗಿದರೆ ಅಂಕಿ ಇಳಿಯುತ್ತದೆ, ಬಲಕ್ಕೆ ತಿರುಗಿದರೆ ಏರುತ್ತದೆ. ಈ ನಾಲ್ಕು ಉಪಕರಣಗಳ ಚಿತ್ರ ಬಿಡಿಸಿಕೊಂಡು ದಿನಕ್ಕೆ ಇಪ್ಪತ್ತು ಭಂಗಿ ಹೇಳುವ ಅಭ್ಯಾಸ ಮಾಡಿ. ಖರ್ಚು ಒಂದು ನೋಟ್‌ಬುಕ್.

ಯಂತ್ರದ ಭಾಗದಲ್ಲಿ ಕೈಗೆ ಸ್ಟಿಕ್, ಕಾಲಿಗೆ ಪೆಡಲ್. ಓಡಾಡುವ ಗುರುತನ್ನು ಹಿಡಿತದಲ್ಲಿಡುತ್ತಲೇ ದೀಪ, ಸದ್ದು ಬಂದಾಗ ಬೇರೆ ಗುಂಡಿಗಳಿಗೂ ಸ್ಪಂದಿಸಬೇಕು. ಸ್ಟಿಕ್ ಎಳೆದರೆ ಮೂಗು ಮೇಲೆ, ತಳ್ಳಿದರೆ ಕೆಳಗೆ. ಬಲಪೆಡಲ್ ಒತ್ತಿದರೆ ಬಲಕ್ಕೆ. ಸೈಕಲ್ ಹ್ಯಾಂಡಲ್‌ನಲ್ಲಿ ಬಲಗೈ ಮುಂದೆ ತಳ್ಳಿದರೆ ಚಕ್ರ ಎಡಕ್ಕೆ ತಿರುಗುತ್ತದೆ. ಆ ಅಭ್ಯಾಸ ಕಾಲಿಗೆ ಇಳಿದು ಮೊದಲ ಕೆಲವು ಸೆಕೆಂಡ್ ಉಲ್ಟಾ ಒತ್ತುವವರು ಬಹಳ. ತಪ್ಪಾದ ಕೂಡಲೇ ದೊಡ್ಡದಾಗಿ ತಿದ್ದಲು ಹೋದರೆ ಗುರುತು ಆಚೆ ಬದಿಗೆ ಹಾರುತ್ತದೆ, ಮತ್ತೆ ಈಚೆ ಎಳೆಯಬೇಕು, ಅಲ್ಲಿಗೆ ಹಿಡಿತ ತಪ್ಪಿತು. ಸಣ್ಣ ಸಣ್ಣ ತಿದ್ದುಪಡಿ, ಬೆರಳಿನಿಂದ, ಮುಷ್ಟಿ ಬಿಗಿಯದೆ. ಮನೆಯ ಕಂಪ್ಯೂಟರ್‌ನಲ್ಲಿ ಜಾಯ್‌ಸ್ಟಿಕ್ ಹಾಕಿ ಫ್ಲೈಟ್ ಸಿಮ್ಯುಲೇಟರ್ ಆಡಿದರೆ ಸ್ಟಿಕ್‌ನ ದಿಕ್ಕು ಕೈಗೆ ಕೂರುತ್ತದೆ. ಮೊಬೈಲ್ ಗೇಮ್‌ನಿಂದ ಏನೂ ಆಗದು. ಹಿಂದಿನ ರಾತ್ರಿ ಆಯ್ಕೆಯಾದ ಖುಷಿಯಲ್ಲಿ ಎರಡು ಗಂಟೆವರೆಗೆ ಫೋನ್ ಮಾಡುತ್ತ ಕೂತು ಬೆಳಿಗ್ಗೆ ಇದಕ್ಕೆ ಬರುವವರೂ ಇದ್ದಾರೆ. ಅವರಿಗೆ ಏನು ಹೇಳುವುದು.

ಇದರಲ್ಲಿ ಹೋದವರಿಗೆ, ಅರ್ಹತೆ ಇದ್ದು ಅರ್ಜಿಯಲ್ಲಿ ಆಯ್ಕೆ ಕೊಟ್ಟಿದ್ದರೆ, ಗ್ರೌಂಡ್ ಡ್ಯೂಟಿ ಬ್ರಾಂಚ್‌ಗಳು ತೆರೆದೇ ಇರುತ್ತವೆ. ಅರ್ಜಿ ತುಂಬುವಾಗ "ಫ್ಲೈಯಿಂಗ್ ಬಿಟ್ಟರೆ ಬೇರೇನೂ ಬೇಡ" ಅನ್ನುವ ಹಟಕ್ಕೆ ಬೆಲೆ ತೆರುವುದು ಈ ಮಧ್ಯಾಹ್ನ.

ಮೆಡಿಕಲ್

ಇದು ನಡೆಯುವುದು ದೆಹಲಿಯಲ್ಲಿರುವ ವಾಯುಪಡೆಯ ಕೇಂದ್ರ ವೈದ್ಯಕೀಯ ಸಂಸ್ಥೆ ಎಎಫ್‌ಸಿಎಂಇ ಅಥವಾ ಬೆಂಗಳೂರಿನ ಐಎಎಂನಲ್ಲಿ, ಅಂದರೆ ಹಳೆ ವಿಮಾನ ನಿಲ್ದಾಣದ ಕಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಲ್ಲಿ ಶುರುವಾದ ಈ ಸಂಸ್ಥೆಯಲ್ಲೇ ಗಗನಯಾನದ ಗಗನಯಾತ್ರಿಗಳ ತಪಾಸಣೆಯೂ ನಡೆದದ್ದು. ಕೆಲಸ ಶಿಸ್ತಿನದು, ಅವಸರವಿಲ್ಲ, ಒಂದೊಂದು ವಿಭಾಗಕ್ಕೂ ಕಾಯಬೇಕಾಗುತ್ತದೆ. ಕಣ್ಣಿಗೆ ಹನಿ ಹಾಕಿದ ಮೇಲೆ ಮೊಬೈಲ್ ಪರದೆ ಓದಲಾಗದು, ಮನೆಯವರಿಗೆ ಮೊದಲೇ ಹೇಳಿಬಿಡಿ.

ತಪ್ಪಿಸಬಹುದಾದ ಕಾರಣಗಳಿಗೆ ಹೋಗುವವರನ್ನು ನೋಡಿದರೆ ಸಂಕಟ: ಕಿವಿಯಲ್ಲಿ ಮೇಣ, ತುಂಬಿಸದ ಹುಳುಕು ಹಲ್ಲು, ಹೆಚ್ಚಿನ ತೂಕ. ಎಎಫ್‌ಕ್ಯಾಟ್ ಫಲಿತಾಂಶ ಬಂದ ದಿನವೇ ಇಎನ್‌ಟಿ ಮತ್ತು ದಂತವೈದ್ಯರ ಹತ್ತಿರ ಹೋಗಿ. ಮೂಗಿನ ನಡುಗೋಡೆ ತೀರಾ ಡೊಂಕಾಗಿದ್ದರೆ ಆಗಲೇ ತೋರಿಸಿ. ಎರಡೂ ಮಂಡಿ ಸೇರಿಸಿ ನಿಂತಾಗ ಕಣಕಾಲುಗಳ ನಡುವೆ 5 ಸೆಂ.ಮೀ. ಮೀರಿದರೆ ತೊಂದರೆ. ಬೆನ್ನುಮೂಳೆಗೆ ಕುತ್ತಿಗೆಯಿಂದ ಸೊಂಟದವರೆಗೆ ಎಕ್ಸ್‌ರೇ ತೆಗೆಯುತ್ತಾರೆ, ಎಜೆಕ್ಷನ್ ಒತ್ತಡ ಬೀಳುವುದು ಅಲ್ಲೇ ಆದ್ದರಿಂದ ಫ್ಲೈಯಿಂಗ್‌ನವರಿಗೆ ಇದು ಕಟ್ಟುನಿಟ್ಟು. ನೋವೇ ಇಲ್ಲದ ಬೆನ್ನಿನಲ್ಲೂ ಹುಟ್ಟಿನಿಂದ ಬಂದ ವ್ಯತ್ಯಾಸ ಅಡಗಿರಬಹುದು. ಬೆನ್ನುಮೂಳೆ ಪಕ್ಕಕ್ಕೆ 15 ಡಿಗ್ರಿ ಮೀರಿ ವಾಲಿದ್ದರೆ ಅನ್‌ಫಿಟ್. ಹಚ್ಚೆಗೆ ಅನುಮತಿ ಮುಂಗೈಯ ಒಳಭಾಗಕ್ಕೆ, ಅಂಗೈಯ ಹಿಂಬದಿಗೆ ಮಾತ್ರ.

ಅನ್‌ಫಿಟ್ ಅಂದಾಗ ಅಪೀಲ್ ಮಂಡಳಿ, ಅದರ ಮೇಲೆ ರಿವ್ಯೂ ಮಂಡಳಿ ಅಂತ ಎರಡು ಅವಕಾಶಗಳಿವೆ. ಕೊಟ್ಟ ಕಾಗದದಲ್ಲಿ ಗಡುವು, ಆಸ್ಪತ್ರೆಯ ಹೆಸರು ಇರುತ್ತದೆ. ಅಳುತ್ತ ಊರಿಗೆ ಹೋಗಿ ಒಂದು ವಾರ ಬಿಟ್ಟು ಓದಿದರೆ ಗಡುವು ಕೈಬಿಟ್ಟಿರುತ್ತದೆ. ತೂಕ, ಮೇಣ, ಹಲ್ಲಿನಂಥವು ಅಪೀಲಿನಲ್ಲಿ ಸರಿಹೋಗುತ್ತವೆ. ಕಾಲಿನ ಉದ್ದ ಸರಿಹೋಗದು.

ಮೆರಿಟ್ ಲಿಸ್ಟ್

ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದವರಿಗೆ ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಯ ಬಾಗಿಲು ತೆರೆಯುವುದು ಹದಿಮೂರು ತಿಂಗಳ ನಂತರದ ಜನವರಿಯಲ್ಲಿ. ಈ ನಡುವೆ ಮೆಡಿಕಲ್ ಪಾಸಾದರೂ ಸೀಟು ಖಾತ್ರಿಯಲ್ಲ, ಖಾಲಿ ಜಾಗಕ್ಕೆ ತಕ್ಕಂತೆ ಪಟ್ಟಿ ಕಡಿಯುತ್ತಾರೆ. ಆದ್ದರಿಂದ ಕೈಯಲ್ಲಿರುವ ಕೆಲಸ ಬಿಡಬೇಡಿ, ಕ್ಯಾಂಪಸ್ ಆಫರ್ ಬಿಟ್ಟುಕೊಡಬೇಡಿ. ತರಬೇತಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಮೊದಲ ಹಾರಾಟ ಪಿಲಾಟಸ್ ಪಿಸಿ-7 ಎಂಬ ತರಬೇತಿ ವಿಮಾನದಲ್ಲಿ. ಅಲ್ಲಿಂದ ಫೈಟರ್‌ಗೆ ಹೋದವರ ಹಾಕ್ ಜೆಟ್ ವಿಮಾನದ ತರಬೇತಿ ನಮ್ಮ ಬೀದರ್‌ನಲ್ಲಿ, ಸಾರಿಗೆ ವಿಮಾನದವರದ್ದು ಯಲಹಂಕದಲ್ಲಿ, ಹೆಲಿಕಾಪ್ಟರ್‌ನವರದ್ದು ಹಕೀಂಪೇಟೆಯಲ್ಲಿ. ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ 2018ರಲ್ಲಿ ಫೈಟರ್ ಪೈಲಟ್ ಆದಮೇಲೆ ಮಲೆನಾಡಿನ ಹೆಣ್ಣುಮಕ್ಕಳೂ ಈ ಬಗ್ಗೆ ವಿಚಾರಿಸುವುದು ಹೆಚ್ಚಾಗಿದೆ. ಅವರಿಗೂ ಎತ್ತರ, ಕಣ್ಣು, ಸಿಪಿಎಸ್‌ಎಸ್ ಎಲ್ಲ ಒಂದೇ ಅಳತೆ.

ಶಾರ್ಟ್ ಸರ್ವೀಸ್‌ಗೆ ಪಿಂಚಣಿಯಿಲ್ಲ ಅನ್ನುವುದನ್ನು ಮನೆಯವರಿಗೆ ಮೊದಲೇ ಹೇಳಿ, 14 ವರ್ಷದ ನಂತರ ಕೇಳಿಸಿಕೊಳ್ಳುವ ಮಾತು ತಪ್ಪುತ್ತದೆ. ಮೆರಿಟ್‌ನಲ್ಲಿ ಹೊರಗುಳಿದವರು ವಯಸ್ಸಿದ್ದರೆ ಮತ್ತೆ ಅರ್ಜಿ ಹಾಕಬಹುದು. ಎಎಫ್‌ಕ್ಯಾಟ್, ಮೈಸೂರು, ಮೆಡಿಕಲ್ ಎಲ್ಲವೂ ಹೊಸದಾಗಿ ಆಗಬೇಕು, ಪಾಸಾದ ಸಿಪಿಎಸ್‌ಎಸ್ ಮಾತ್ರ ಹಾಗೇ ಉಳಿಯುತ್ತದೆ. ಅದರ ವಿವರವನ್ನು ಮುಂದಿನ ಅರ್ಜಿಯಲ್ಲಿ ತಪ್ಪದೆ ನಮೂದಿಸಿ.